ತೊಳೆಯುವ ಮುನ್ನ

ಹೈದರಾಬಾದಿನ ಹಳೆ ಊರಿನಲ್ಲಿ ಖಾಜಿ ತಡವಾಗಿ ಬಂದರೂ ಮದುವೆ ನಡೆದೀತು, ಬಿರಿಯಾನಿ ಸೀದುಹೋದರೂ ನಡೆದೀತು. ಛತ್ತಾ ಬಜಾರಿನ ಅಜ್ಮತ್ ಮಿಯಾ ಬರೆದ ಕಾರ್ಡು ಮನೆಮನೆಗೆ ಹೋಗದಿದ್ದರೆ ಮಾತ್ರ ಮದುಮಗ ಕುದುರೆ ಹತ್ತುವುದಿಲ್ಲ. ಆ ಅಜ್ಮತ್ ಮಿಯಾ ನಾನೇ. ಜಂಬ ಎನ್ನುವವರು ಬಂದು ನನ್ನ ಅಂಗಡಿಯ ಗೋಡೆ ನೋಡಲಿ. ಅಲ್ಲಿ ತೂಗಿಬಿಟ್ಟ ಕಾರ್ಡುಗಳ ದಂಪತಿಗಳನ್ನೆಲ್ಲ ಒಂದೆಡೆ ಸೇರಿಸಿದರೆ ಹೊಸ ಜಿಲ್ಲೆಯನ್ನೇ ಮಾಡಿ ಕಲೆಕ್ಟರನ್ನು ಕೂರಿಸಬೇಕಾಗುತ್ತದೆ. ನನ್ನ ಉರ್ದು ಅಕ್ಷರದ ಬಾಗು ಬಳುಕು ನೋಡಿ ಮುರಿದುಬಿದ್ದ ಸಂಬಂಧಗಳು ಕೂಡಿಕೊಂಡದ್ದುಂಟು. ಮಲಕ್‌ಪೇಟೆಯ ಮುದುಕರೊಬ್ಬರು, ಇಷ್ಟು ಚೆಂದದ ಕಾರ್ಡು ಮೊಮ್ಮಗನಿಗೊಬ್ಬನಿಗೇ ಯಾಕೆ ಎಂದು, ತಾವೂ ಇನ್ನೊಂದು ನಿಕಾಹ್ ಮಾಡಿಕೊಂಡರು.

ಈ ಅಕ್ಷರಗಳೆಲ್ಲ ಹುಟ್ಟುತ್ತಿದ್ದದ್ದು ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ. ಹನ್ನೊಂದು ವರ್ಷ ದುಡಿದ ಮುದುಕ ಅದು. ಬೆಳಗಿನ ನಮಾಜಿಗೆ ಹೊರಡುವಾಗ ಗುಂಡಿ ಒತ್ತಿದರೆ, ನಾನು ನಮಾಜು ಮುಗಿಸಿ, ಖಿಚಡಿ ಖೀಮಾ ತಿಂದು, ಓಣಿಯವರ ಕಷ್ಟಸುಖ ವಿಚಾರಿಸಿ ಬರುವ ಹೊತ್ತಿಗೆ ಕಣ್ಣುಜ್ಜಿಕೊಂಡು ಏಳುತ್ತಿತ್ತು. ಅದರ ಫ್ಯಾನು ತಿರುಗತೊಡಗಿದರೆ ಮುಚ್ಚಿಹೋದ ಬೇಗಂಪೇಟೆ ನಿಲ್ದಾಣದಲ್ಲಿ ಮತ್ತೆ ವಿಮಾನ ಇಳಿಯುತ್ತಿದೆ ಎಂದು ಜನ ಆಕಾಶ ನೋಡುತ್ತಿದ್ದರು. ಚಳಿಗಾಲದಲ್ಲಿ ಬೆಕ್ಕುಗಳು ಸರದಿ ನಿಂತು ಅದರ ಬೆನ್ನಿಗೆ ಒರಗಿ ಮಲಗುತ್ತಿದ್ದವು. ಕೀಲು ಮುರಿದ ಪರದೆಗೆ ಇಟ್ಟಿಗೆಯೊಂದರ ಆಸರೆ. ಹೋದ ಶಾಬಾನ್ ತಿಂಗಳಲ್ಲಿ, ರಂಜಾನಿಗೆ ಮುಂಚೆ ಮದುವೆ ಮುಗಿಸಿಬಿಡೋಣ ಎಂದು ಅರ್ಧ ಊರು ನನ್ನ ಮೆಟ್ಟಿಲ ಮೇಲೆ ಕೂತಿದ್ದಾಗ, ಆ ಮುದುಕ ಒಮ್ಮೆ ಕೆಮ್ಮಿ ನೀಲಿಗಟ್ಟಿಬಿಟ್ಟ.

"ಮಿಯಾ, ಇದಕ್ಕೆ ಔಷಧಿ ಇಲ್ಲ. ಹೊಸದು ತಗೋ," ಎಂದ ಲಯೀಕ್.

ಲಯೀಕ್ ನನ್ನ ಮೂವತ್ತು ವರ್ಷದ ಗೆಳೆಯ. ನನ್ನ ಅಂಗಡಿಗೆ ಹತ್ತುವ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕೂತು ಮೊದಲು ರೇಡಿಯೋ, ಆಮೇಲೆ ಟೀವಿ, ಈಗ ಕಂಪ್ಯೂಟರು ರಿಪೇರಿ ಮಾಡುತ್ತಿದ್ದ. ಗೂಡು ಎಷ್ಟು ಇಕ್ಕಟ್ಟೆಂದರೆ ಆಕಳಿಕೆ ಬಂದರೆ ಹೊರಗೆ ಬಂದು ಆಕಳಿಸಿ ಒಳಗೆ ಹೋಗಬೇಕು. ದಿನಾ ಸಂಜೆ ಎದುರಿನ ಇರಾನಿ ಹೋಟೆಲಿನಲ್ಲಿ ನಾವಿಬ್ಬರೂ ಬೈಟು ಚಹಾ ಕುಡಿಯುತ್ತಿದ್ದೆವು. ನಾನು ಮಾತಾಡುತ್ತಿದ್ದೆ, ಅವನು ಬಿಸ್ಕತ್ತು ಅದ್ದುತ್ತಿದ್ದ. ಅವನ ಅಪ್ಪ ಅವನನ್ನು ಕಾನ್ವೆಂಟಿಗೆ ಹಾಕಿದ್ದರಿಂದ ಉರ್ದು ಮಾತು ಬರುತ್ತಿತ್ತು, ಓದು ಬರುತ್ತಿರಲಿಲ್ಲ. ನೆಟ್ಟನೆ ಗೀಟಿನಂಥ ಮೊದಲ ಅಕ್ಷರ ಅಲಿಫ್ ಬರೆದು ತೋರಿಸಿದರೆ "ಇದು ಒಂದಾ?" ಎಂದು ಕೇಳುವ ಪಂಡಿತ. ಅದೇ ನನ್ನ ಧೈರ್ಯ. ಏಕೆಂದರೆ ಆ ಲ್ಯಾಪ್‌ಟಾಪಿನಲ್ಲಿ, ಉರ್ದು ಹೆಸರಿಟ್ಟ ಒಂದು ಫೋಲ್ಡರಿನಲ್ಲಿ, ಜಗತ್ತಿನಲ್ಲಿ ಇರಲೇಬಾರದಾಗಿದ್ದ ಒಂದು ವಸ್ತು ಇತ್ತು.

ಅದನ್ನು ಹೇಳಬೇಕಾದರೆ ಮೊದಲು ನಮ್ಮ ಉಸ್ತಾದರ ವಿಷಯ ಹೇಳಬೇಕು. ಬುರ್ಹಾನ್ ಸಾಹೇಬರು. ಜೊಂಡಿನ ಕಲಮು ಕೆತ್ತಿ, ದೀಪದ ಕಾಡಿಗೆಗೆ ಗೋಂದು ಬೆರೆಸಿದ ಮಸಿಯಲ್ಲಿ ಅವರು ಬರೆದರೆ, ಕಾಗದದ ಮೇಲಿನ ನೊಣವೂ ಅಕ್ಷರ ತುಳಿಯದೆ ಸುತ್ತುಹಾಕಿ ನಡೆಯುತ್ತಿತ್ತು. ನಾನು ಹನ್ನೆರಡು ವರ್ಷದವನಾಗಿ ಅವರ ಮನೆ ಸೇರಿದೆ. ಅವರ ಒಬ್ಬಳೇ ಮಗಳು ರುಕಯ್ಯಾ ಆಪಾ ನನಗಿಂತ ನಾಲ್ಕು ವರ್ಷ ದೊಡ್ಡವರು. ನನ್ನ ಅಕ್ಷರ ಸೊಟ್ಟಗಾದರೆ ಕಿವಿ ಹಿಂಡುವ ಹಕ್ಕು ಉಸ್ತಾದರಷ್ಟೇ ಅವರಿಗೂ ಇತ್ತು. ಮದುವೆಯಾಗಲಿಲ್ಲ. ಯಾಕುತ್‌ಪುರದ ಶಾಲೆಯಲ್ಲಿ ಟೀಚರಾಗಿ, ಅಪ್ಪನನ್ನು ನೋಡಿಕೊಂಡು ಇದ್ದುಬಿಟ್ಟರು.

ಆರು ವರ್ಷದ ಹಿಂದೆ ಉಸ್ತಾದರು ಹಾಸಿಗೆ ಹಿಡಿದರು. ಒಂದು ದಿನ ನನ್ನನ್ನು ಹತ್ತಿರ ಕರೆದು, "ಅಜ್ಜೂ, ಪೆಟ್ಟಿಗೆಯಲ್ಲಿರೋ ಅಭ್ಯಾಸದ ಹಾಳೆ ಎಲ್ಲಾ ತೊಳೆದುಬಿಡು. ಒಂದೂ ಉಳೀಬಾರ್ದು," ಎಂದರು.

ನಮ್ಮ ಕಸುಬಿನಲ್ಲಿ ಅಭ್ಯಾಸದ ಹಾಳೆಯನ್ನು ರದ್ದಿಗೆ ಹಾಕುವುದಿಲ್ಲ. ಎಲ್ಲೋ ಒಂದು ಕಡೆ ದೇವರ ಹೆಸರು ಇದ್ದೇ ಇರುತ್ತದೆ. ನೀರಿನಲ್ಲಿ ತೊಳೆದು, ಯಾರೂ ತುಳಿಯದ ಕಡೆ ಗಿಡದ ಬುಡಕ್ಕೆ ಆ ಮಸಿನೀರು ಸುರಿಯುತ್ತಾರೆ. ಆದರೂ ನಾನು ಕೇಳಿದೆ, "ಉಸ್ತಾದ್, ಇಷ್ಟು ಚೆಂದದ ಅಕ್ಷರ... ಇಟ್ಟುಕೊಂಡರೆ ಏನಾಯಿತು?"

"ಇಟ್ಕೊಂಡ್ರೆ ನೀವು ಬಿಡ್ತೀರೇನೋ? ಕತ್ತರಿಸಿ ಅಂಟಿಸಿ ಮಾರ್ತೀರಿ. ಸತ್ತವನು ಮದುವೆಗೆ ಕರೀಬಾರ್ದಪ್ಪ. ನನ್ನ ಕೈ ನನ್ನ ಜೊತೆ ಮಣ್ಣಿಗೆ ಹೋಗ್ಲಿ."

ಅವರು ತೀರಿಕೊಂಡ ಮೇಲೆ ನಾನು ಪೆಟ್ಟಿಗೆ ಹೊರಲು ಹೋದಾಗ ರುಕಯ್ಯಾ ಆಪಾ ಬಾಗಿಲಿಗೆ ಅಡ್ಡ ನಿಂತರು. ಉಸ್ತಾದರಿಗೆ ಒಂದು ಅಭ್ಯಾಸವಿತ್ತು: ಕಲಮು ಹೊಸದಾಗಿ ಕೆತ್ತಿದಾಗ ಅದರ ಹದ ನೋಡಲು ಹಾಳೆಯ ಮೂಲೆಯಲ್ಲಿ ಮೊದಲು ಬರೆಯುತ್ತಿದ್ದದ್ದು ಮಗಳ ಹೆಸರು. ಆಪಾ ಕೇಳಿದ್ದು ಅಷ್ಟೇ: "ಒಂದು ಹಾಳೆ ಕೊಡೋ ಅಜ್ಜೂ. ಒಂದೇ ಒಂದು. ನನ್ನ ಹೆಸರಿರೋದು."

ನಾನು ಏನು ಹೇಳಿದೆ ಗೊತ್ತೇ? ಎದೆ ಉಬ್ಬಿಸಿ, ಆಕಾಶ ನೋಡುತ್ತ, "ಆಪಾ, ಉಸ್ತಾದರ ಮಾತೆಂದರೆ ಮಾತು," ಎಂದೆ. ಅವರು ತಲೆ ತಗ್ಗಿಸಿ ದಾರಿ ಬಿಟ್ಟರು. ಮರುದಿನ ಹಿತ್ತಲ ದಾಳಿಂಬೆ ಗಿಡದ ಬುಡದಲ್ಲಿ ಕೂತು ನಾನು ಎಲ್ಲ ಹಾಳೆ ತೊಳೆದೆ. ನಲವತ್ತು ಬಿಂದಿಗೆ ನೀರು! ನನ್ನ ಕಣ್ಣೀರು ಸೇರಿಸಿದರೆ ನಲವತ್ತೊಂದು! ಆ ವರ್ಷ ಗಿಡದಲ್ಲಿ ಬಿಟ್ಟ ದಾಳಿಂಬೆ ಒಡೆದರೆ ಒಳಗೆ ಕಪ್ಪು ಬೀಜ! ಈ ಕಥೆಯನ್ನು ನಾನು ಇರಾನಿ ಹೋಟೆಲಿನಲ್ಲಿ ಆರು ವರ್ಷ ಹೇಳಿದ್ದೇನೆ. ಕೇಳಿ ಕೇಳಿ ಅಲ್ಲಿನ ಗೋಡೆಗಳಿಗೂ ತೇವ ಹತ್ತಿದೆ.

ಈಗ ನಿಮಗೆ ಮಾತ್ರ ಹೇಳುತ್ತೇನೆ. ತೊಳೆಯುವ ಹಿಂದಿನ ದಿನ ಪೆಟ್ಟಿಗೆಯನ್ನು ಅಂಗಡಿಗೆ ಒಯ್ದು, ಬಾಗಿಲು ಹಾಕಿಕೊಂಡು, ಅಷ್ಟೂ ಹಾಳೆಗಳನ್ನು ಸ್ಕ್ಯಾನ್ ಮಾಡಿಟ್ಟೆ. ಫೋಲ್ಡರಿಗೆ 'ತೊಳೆಯುವ ಮುನ್ನ' ಎಂದು ಹೆಸರಿಟ್ಟೆ. ಅಲ್ಲಿಂದ ಮುಂದೆ ನಾನು ಬರೆದ ಕಾರ್ಡುಗಳನ್ನೆಲ್ಲ ಬರೆದದ್ದು ಉಸ್ತಾದರು. ಅವರ ಒಂದು ಹಾಳೆಯ ಬಾಗು, ಇನ್ನೊಂದರ ಬಾಲ, ಮತ್ತೊಂದರ ಚುಕ್ಕೆ. ನನ್ನ ಕೆಲಸ ಕತ್ತರಿಸಿ ಅಂಟಿಸುವುದು. "ಉಸ್ತಾದರ ಆತ್ಮ ಅಜ್ಮತ್ ಕೈಗೆ ಇಳಿದಿದೆ" ಎಂದು ಜನ ಕೊಂಡಾಡಿದರು, ನಾನು ವಿನಯದಿಂದ ಒಪ್ಪಿಕೊಂಡೆ. ರುಕಯ್ಯಾ ಎಂಬ ಮದುಮಗಳು ಬಂದಾಗ ಮಾತ್ರ ಆ ಹೆಸರನ್ನು ಉಸ್ತಾದರ ಹಾಳೆಯಿಂದ ಎತ್ತುತ್ತಿರಲಿಲ್ಲ. ಕಷ್ಟಪಟ್ಟು ನನ್ನದೇ ಸೊಟ್ಟ ಕೈಯಲ್ಲಿ ಬರೆಯುತ್ತಿದ್ದೆ. ಕಳ್ಳನಿಗೂ ಒಂದು ಮರ್ಯಾದೆ ಬೇಡವೇ?

ಹೀಗಾಗಿ ಲ್ಯಾಪ್‌ಟಾಪು ಕೆಟ್ಟಾಗ ನನ್ನ ಪ್ರಾಣವೇ ಬಾಯಿಗೆ ಬಂತು. ಆ ಫೋಲ್ಡರು ಹೊಸದಕ್ಕೆ ಹೋಗದಿದ್ದರೆ ನಾನು ಬಡವ. ಹಳೆಯದರಲ್ಲಿ ಉಳಿದು ಯಾರ ಕಣ್ಣಿಗಾದರೂ ಬಿದ್ದರೆ ನಾನು ಸುಳ್ಳ.

"ಲಯೀಕ್, ಎಲ್ಲಾ ಹೊಸದಕ್ಕೆ ಹಾಕು. ಹಳೇದ್ರಲ್ಲಿ ಒಂದು ಚುಕ್ಕೆನೂ ಉಳೀಬಾರ್ದು," ಎಂದೆ.

"ಏನ್ ಮಿಯಾ, ಒಳಗೆ ನಿಜಾಮರ ನಿಧಿ ಇಟ್ಟಿದ್ದೀಯಾ?"

"ಅದಕ್ಕಿಂತ ಒಂದು ತೊಲ ಹೆಚ್ಚು."

"ಹಂಗಾದ್ರೆ ಎರಡು ದಿನ ಬಿಡು. ಈ ಡಿಸ್ಕು ಬಸುರಿ ಎಮ್ಮೆ ಹಂಗೆ ನಡೀತಿದೆ. ಪಾಸ್‌ವರ್ಡು ಹೇಳು."

ನಾನು ಮೆಟ್ಟಿಲ ಮೇಲಿಂದಲೇ ಕೂಗಿದೆ: "ಶಹೆನ್‌ಶಾಹ್-ಎ-ಕಲಮ್! ಆಮೇಲೆ ಏಳು ಎಂಟು ಆರು!"

ಓಣಿಯ ಪಾನ್ ಅಂಗಡಿಯವನು ಈ ಲೇಖನಿಯ ಚಕ್ರವರ್ತಿಗೆ "ವಾಹ್ ವಾಹ್" ಎಂದ.

"ಅಳಿಸೋದು ಅಂದ್ರೆ ಬರೀ ಡಿಲೀಟ್ ಹೊಡೆದ್ರೆ ಹೋಗಲ್ಲ ಮಿಯಾ," ಎಂದು ಲಯೀಕ್ ಪಾಠ ಹೇಳಿದ. "ಅದು ಪುಸ್ತಕದ ಪರಿವಿಡಿ ಹರಿದು ಬಿಸಾಕಿದಂಗೆ. ಪುಟ ಎಲ್ಲಾ ಒಳಗೇ ಇರ್ತವೆ, ಕಳ್ಳ ಬಂದು ಓದ್ಕೋಬಹುದು. ಅದರ ಮೇಲೆ ಈ ತುದಿಯಿಂದ ಆ ತುದಿವರೆಗೂ ಸೊನ್ನೆ ಬರೆಸ್ಬೇಕು. ಮೂರು ಸಲ."

ಉರ್ದುವಿನಲ್ಲಿ ಸೊನ್ನೆಯೆಂದರೆ ಒಂದು ಚುಕ್ಕೆ. ಕಲಮನ್ನು ಒಮ್ಮೆ ಒತ್ತಿದರೆ ಬೀಳುವ ಆ ಚುಕ್ಕೆಯಿಂದಲೇ ನಾವು ಪ್ರತಿ ಅಕ್ಷರದ ಎತ್ತರ ಅಗಲ ಅಳೆಯುವುದು. ಉಸ್ತಾದರ ಅಕ್ಷರಗಳನ್ನು ಚುಕ್ಕೆಗಳೇ ಮುಚ್ಚಿಹಾಕುತ್ತವೆ ಎಂದು ಕೇಳಿ ನನಗೆ ಸಮಾಧಾನವಾಯಿತು. "ಮೂರು ಸಾಲ್ದು. ಏಳು ಸಲ ಬರೆಸು," ಎಂದೆ.

ಮೂರನೆಯ ದಿನ ಎರಡೂ ಯಂತ್ರ ಹೊತ್ತು ಮೇಲೆ ಬಂದ. ಹೊಸದರಲ್ಲಿ ಎಲ್ಲವೂ ಇತ್ತು, ಒಂದು ಕೂದಲೂ ಕೊಂಕಿರಲಿಲ್ಲ. ಹಳೆಯದನ್ನು ತೆರೆದು ತೋರಿಸಿದ. ಬರಿದೋ ಬರಿದು.

"ನೋಡ್ಕೋ, ಈಗ ತಾನೇ ಹುಟ್ಟಿದ ಕೂಸು. ಏಳು ಸಲ ಬರೆಸಿದೀನಿ, ಮಗಳ ಆಣೆ."

ನಾನು ಅವನನ್ನು ಅಪ್ಪಿಕೊಂಡ ರಭಸಕ್ಕೆ ಅವನ ಜೇಬಿನ ತಿರುಪುಳಿ ಬಾಗಿರಬೇಕು. ಅವತ್ತು ಚಹಾ ಬೈಟು ಹೇಳಲಿಲ್ಲ. ಇಬ್ಬರಿಗೂ ಒಂದೊಂದು ಪೂರ್ತಿ, ಜೊತೆಗೆ ತಟ್ಟೆ ತುಂಬ ಖೀಮಾ ತುಂಬಿದ ಲುಖ್ಮಿ.

ಈದ್ ಕಳೆದ ಮೇಲೆ ಲಯೀಕನ ಅದೃಷ್ಟ ಖುಲಾಯಿಸಿತು. ಎದುರು ಸಾಲಿನ ಮುಬೀನ್ ತನ್ನ ಗುಲ್ದಸ್ತಾ ಕಾರ್ಡ್ಸ್ ಅಂಗಡಿಯ ಮುಂಭಾಗದಲ್ಲಿ, ಗಾಜಿನ ಹಿಂದೆ, ನೆಟ್ಟಗೆ ನಿಲ್ಲಬಹುದಾದ ಒಂದು ಮೂಲೆಯನ್ನು ಅವನಿಗೆ ಬಿಟ್ಟುಕೊಟ್ಟ. ಈ ಮುಬೀನನ ಕಾರ್ಡುಗಳೋ, ಮಳೆಯಲ್ಲಿ ನೆನೆದ ಕಾಗೆಗಳು ತಂತಿಯ ಮೇಲೆ ಕೂತ ಹಾಗೆ. ಅಂಥವನಿಗೆ ಇಂಥ ಒಳ್ಳೆಯ ಬುದ್ಧಿ ಬಂದದ್ದು ನನ್ನ ಶಿಫಾರಸಿನಿಂದ ಎಂದು ನಾನೇ ಓಣಿಯಲ್ಲೆಲ್ಲ ಹೇಳಿಕೊಂಡು ಬಂದೆ. ಸ್ವಂತ ಕೈಯಾರೆ ಸಿಹಿ ಹಂಚಿದೆ. ನನ್ನ ಕತ್ತು ಕೊಯ್ದವನ ಕತ್ತಿಗೆ ಹೂವಿನ ಹಾರ ಹಾಕಿದವನು ಈ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು.

ಬಕ್ರೀದಿನ ಮರುವಾರ ರುಕಯ್ಯಾ ಆಪಾ ಅಂಗಡಿಗೆ ಬಂದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಕೂತುಕೊಳ್ಳುವ ಮೊದಲೇ ಒಂದು ಮದುವೆ ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟರು.

"ಅಜ್ಜೂ, ಇದು ಯಾರ ಕೈ?"

ಮುಬೀನನ ಅಂಗಡಿಯ ಕಾರ್ಡು. ಆಪಾ ಕಲಿಸಿದ ಹುಡುಗಿಯೊಬ್ಬಳ ಮದುವೆ. ಕಾಗೆಗಳೆಲ್ಲ ಹಾರಿಹೋಗಿದ್ದವು. ಸಾಲು ಸಾಲೂ ಉಸ್ತಾದರ ಅಕ್ಷರ. ನಡುವೆ ಚಿನ್ನದ ಬಣ್ಣದಲ್ಲಿ ಮದುಮಗಳ ಹೆಸರು: ರುಕಯ್ಯಾ.

"ಬೇರೆ ರುಕಯ್ಯಾಗಳ ಹೆಸರನ್ನ ಅಬ್ಬಾ ಬೇರೆ ಥರ ಬರೀತಿದ್ರು," ಎಂದರು ಆಪಾ. ಬೆರಳು ಹೆಸರಿನ ಕೊನೆಯ ಅಕ್ಷರದ ಮೇಲಿತ್ತು. ಅದರ ಬಾಲ ಹಿಂದಕ್ಕೆ ತಿರುಗಿ, ಸೆರಗು ಹಿಡಿದೆಳೆಯುವ ಮಗುವಿನಂತೆ, ಮೊದಲ ಅಕ್ಷರವನ್ನು ಮುಟ್ಟಿತ್ತು. "ಈ ಬಾಲ ನಂದು. ಕಲಮು ಕೆತ್ತಿದಾಗ ಮಾತ್ರ, ಆ ಹಾಳೆಗಳಲ್ಲಿ ಮಾತ್ರ. ನೀನೇ ತೊಳೆದೆಯಲ್ಲ? ತೋಳು ಒದ್ದೆ ಮಾಡ್ಕೊಂಡು ಬಂದು ನನ್ನ ಮುಂದೆ ನಿಂತಿದ್ದೆಯಲ್ಲ?"

"ತೊಳೆದೆ ಆಪಾ."

"ಒಂದೂ ಬಿಡದಂಗೆ?"

"ಒಂದೂ ಬಿಡದಂಗೆ."

"ಮತ್ತೆ ಇದು ಎಲ್ಲಿಂದ ಬಂತು?"

"ನೀವು ಕೂತಿರಿ. ಚಹಾ ತರಿಸ್ತೀನಿ. ಈಗ ಬಂದೆ."

ಹದಿನೇಳು ಮೆಟ್ಟಿಲುಗಳಲ್ಲಿ ಅವತ್ತು ನಾನು ತುಳಿದದ್ದು ಮೂರನ್ನೋ ನಾಲ್ಕನ್ನೋ. ಕಾರ್ಡನ್ನು ಆಪಾ ಬಿಡಲಿಲ್ಲ, ಬರಿಗೈಯಲ್ಲೇ ಹೋದೆ. ಗಾಜಿನ ಹಿಂದೆ ಲಯೀಕ್ ಯಾರದೋ ಯಂತ್ರದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ.

"ಬಾ ಮಿಯಾ. ಬೈಟು ಹೇಳ್ಲಾ?"

"ನನ್ನ ಹಾಳೆಗಳನ್ನ ಮುಬೀನನಿಗೆ ಕೊಟ್ಟೆ."

ಅಲ್ಲಗಳೆಯುತ್ತಾನೆ ಎಂದುಕೊಂಡಿದ್ದೆ. ಅಲ್ಲಗಳೆದಿದ್ದರೆ ನಂಬಲೂ ಸಿದ್ಧನಿದ್ದೆ. ಅವನು ಒಂದು ಸ್ಕ್ರೂ ತೆಗೆದು ತಟ್ಟೆಯಲ್ಲಿಟ್ಟು, "ಕೊಟ್ಟೆ," ಎಂದ.

"ಅಳಿಸ್ತೀನಿ ಅಂತ ಮಗಳ ಮೇಲೆ ಆಣೆ ಇಟ್ಟಿದ್ದೆಯಲ್ಲೋ!"

"ಅಳಿಸ್ದೆ. ಏಳು ಸಲಾನೂ ಬರೆಸ್ದೆ. ಅಳಿಸೋ ಮುಂಚೆ ನಂಗೊಂದು ಕಾಪಿ ತಗೊಂಡೆ. ಅದರ ಬಗ್ಗೆ ನೀನು ಆಣೆ ಹಾಕ್ಸಿರಲಿಲ್ಲ."

"ನಿಂಗೆ ಓದೋಕೂ ಬರಲ್ವಲ್ಲೋ!"

"ಚಿತ್ರ ನೋಡೋಕೆ ಓದು ಯಾಕೆ ಬೇಕು? ನಲವತ್ತು ಬಿಂದಿಗೆ ಕಥೆ ಆರು ವರ್ಷ ಕೇಳಿದೀನಿ ಮಿಯಾ. ತೊಳೆದು ಹೋದ ಹಾಳೆಗಳು ಬಂದು ನನ್ನ ಪರದೆ ಮೇಲೆ ಸಾಲಾಗಿ ಕೂತ್ರೆ ಕತ್ತೆಗೂ ಅರ್ಥ ಆಗುತ್ತೆ. ಫೋಲ್ಡರಿನ ಹೆಸರು ಮುಬೀನ್ ಓದಿ ಹೇಳಿದ. ನಕ್ಕು ನಕ್ಕು ಅವನ ಚಹಾ ಎಲ್ಲಾ ಅಂಗಿ ಮೇಲೆ."

ಮೂವತ್ತು ವರ್ಷ ಒಂದೇ ಕಪ್ಪಿನ ಚಹಾವನ್ನು ಎರಡು ಮಾಡಿ ಕುಡಿದವನು. ನನ್ನ ಮದುವೆಯಲ್ಲಿ ನನಗಿಂತ ಹೆಚ್ಚು ಅತ್ತವನು. ಈ ಸಲ ನಾನೇನೂ ಸೇರಿಸುತ್ತಿಲ್ಲ, ನಿಜವಾಗಿಯೂ ಅತ್ತಿದ್ದ.

"ಯಾಕೋ?" ಎಂದೆ.

ಅವನು ಮೊದಲ ಸಲ ತಲೆ ಎತ್ತಿದ. "ಮೂವತ್ತು ವರ್ಷ ನಿನ್ನ ಮೆಟ್ಟಿಲ ಕೆಳಗೆ ಬೆನ್ನು ಬಗ್ಗಿಸಿ ಕೂತೆ. ಮೇಲೆ ನಿನ್ನ ಅಂಗಡೀಲಿ ಅರ್ಧ ಜಾಗ ಖಾಲಿ. 'ಒಂದು ಕುರ್ಚಿ ಹಾಕ್ಕೋ ಬಾ ಲಯೀಕ್' ಅಂತ ಯಾವತ್ತಾದ್ರೂ ಅಂದ್ಯಾ? ಮುಬೀನ್ ಅಂದ."

"ಓಣಿ ತುಂಬಾ ಕೂಗಿ ಹೇಳ್ತೀನಿ ನಿನ್ನ ಬಂಡವಾಳ!"

"ಕೂಗು. ಏನಂತ ಕೂಗ್ತೀಯಾ? ನಾನು ಕದ್ದಿಟ್ಟಿದ್ದನ್ನ ಇವನು ಕದ್ದ ಅಂತಾನಾ? ಹೋಗು ಮಿಯಾ, ಆಪಾ ಕಾಯ್ತಿದ್ದಾರೆ. ಅವರು ಮೆಟ್ಟಿಲು ಹತ್ತೋದು ನೋಡಿದೆ."

ಹಿಂದಿರುಗುವಾಗ ಪ್ರತಿ ಮೆಟ್ಟಿಲಿಗೂ ಒಂದೊಂದು ಸುಳ್ಳು ಕಟ್ಟಿಕೊಂಡು ಹತ್ತಿದೆ. ಮುಬೀನ್ ಯಾವುದೋ ಹಳೆ ಕಾರ್ಡಿನಿಂದ ನಕಲು ಮಾಡಿದ್ದಾನೆ. ಉಸ್ತಾದರೇ ಯಾರಿಗೋ ಒಂದು ಹಾಳೆ ಕೊಟ್ಟಿರಬೇಕು. ತೊಳೆಯುವಾಗ ಗಾಳಿಗೆ ಹಾರಿಹೋದದ್ದು. ಸುಳ್ಳು ಹೇಳುವುದರಲ್ಲಿ ನನ್ನನ್ನು ಮೀರಿಸುವವನು ಗೋಲ್ಕೊಂಡದಿಂದ ಬೀದರಿನವರೆಗೆ ಹುಟ್ಟಿಲ್ಲ. ಒಳಗೆ ಹೋದರೆ ಆಪಾ ಮುಂದೆ ಚಹಾ ಕೆನೆಗಟ್ಟಿತ್ತು. ಬೆರಳು ಇನ್ನೂ ಆ ಹೆಸರಿನ ಮೇಲೆಯೇ ಇತ್ತು. ಬಾಲದ ಗುಂಟ ಹಿಂದಕ್ಕೂ ಮುಂದಕ್ಕೂ ಸರಿಸುತ್ತಿದ್ದರು, ಕಲಮು ಹೇಗೆ ಹೋಗಿರಬಹುದೋ ಹಾಗೆ. ಕಟ್ಟಿ ತಂದ ಹದಿನೇಳರಲ್ಲಿ ಒಂದೂ ಬಾಯಿಗೆ ಬರಲಿಲ್ಲ.

ನಾನು ಹೊಸ ಲ್ಯಾಪ್‌ಟಾಪು ತೆರೆದು ಅವರ ಕಡೆ ತಿರುಗಿಸಿದೆ.

"ತೊಳೆಯೋಕೆ ಮುಂಚೆ ಇದರೊಳಗೆ ಇಳಿಸ್ಕೊಂಡಿದ್ದೆ ಆಪಾ. ಯಂತ್ರ ಬದಲಾಯಿಸುವಾಗ ಲಯೀಕ್ ಕದ್ದ."

ಅವರು ಫೋಲ್ಡರಿನ ಹೆಸರನ್ನು ಗಟ್ಟಿಯಾಗಿ ಓದಿದರು. ಆಮೇಲೆ, "ಎಷ್ಟು?" ಎಂದರು.

"ಮುನ್ನೂರ ಹನ್ನೆರಡು."

ಬೇರೆ ದಿನವಾಗಿದ್ದರೆ ಮೂರು ಸಾವಿರ ಎನ್ನುತ್ತಿದ್ದೆ.

ಬಾಣದ ಗುಂಡಿ ಒತ್ತುತ್ತ ಒಂದೊಂದೇ ಹಾಳೆ ನೋಡತೊಡಗಿದರು. ಪ್ರತಿ ಹಾಳೆಯ ಬಲ ಮೂಲೆಯಲ್ಲಿ ರುಕಯ್ಯಾ. ದಪ್ಪ ಕಲಮಿನ ರುಕಯ್ಯಾ, ಸಣ್ಣ ಕಲಮಿನ ರುಕಯ್ಯಾ, ಮಸಿ ಒಣಗಿ ಅರ್ಧಕ್ಕೆ ನಿಂತ ರುಕಯ್ಯಾ. ಕೊನೆಯ ಹತ್ತು ಹದಿನೈದು, ಕೈ ನಡುಗುತ್ತಿದ್ದ ಕಾಲದವು. ಕೆಳಗಿನ ಅಭ್ಯಾಸದ ಸಾಲುಗಳೇ ಇರಲಿಲ್ಲ, ಹೆಸರು ಮಾತ್ರ. ಕೆಳಗೆ ಗಿರಾಕಿಗಳು ಕೂಗಿದರು, ನಾನು ಓಗೊಡಲಿಲ್ಲ. ಅವರು ಮುನ್ನೂರ ಹನ್ನೆರಡನ್ನೂ ನೋಡಿದರು.

"ಆವತ್ತು ನಾನು ಒಂದು ಕೇಳಿದ್ದೆ," ಎಂದರು.

"ಹೂಂ ಆಪಾ."

"ಉಸ್ತಾದರ ಮಾತೆಂದರೆ ಮಾತು ಅಂದೆ. ನಂಗೆ ಎಷ್ಟು ನಾಚಿಕೆ ಆಯ್ತು ಗೊತ್ತಾ? ಹೆತ್ತ ಮಗಳಾಗಿ ನಾನು ಅವರ ಮಾತು ಮೀರೋಕೆ ಹೊರಟಿದ್ದೆ, ಈ ಹುಡುಗ ಮೀರಲಿಲ್ಲ ಅಂತ. ಆರು ವರ್ಷದಿಂದ ಪ್ರತಿ ನಮಾಜಿನಲ್ಲಿ ಅಬ್ಬಾ ಹೆಸರಾದ ಮೇಲೆ ನಿನ್ನ ಹೆಸರು ಹೇಳ್ತೀನಿ ಅಜ್ಜೂ."

ನಾನು ಗಡಿಬಿಡಿಯಲ್ಲಿ ಪ್ರಿಂಟರಿನ ಗುಂಡಿ ಒತ್ತಿದೆ. "ಒಂದು ನಿಮಿಷ ಆಪಾ, ಒಂದೇ ನಿಮಿಷ. ಒಂದಲ್ಲ, ಎಲ್ಲಾ ತೆಗೆದುಕೊಡ್ತೀನಿ. ಚೌಕಟ್ಟು ಹಾಕಿಸಿ ನಾನೇ ಮನೆಗೆ ತರ್ತೀನಿ..."

ಪ್ರಿಂಟರು ಬಿಸಿಯಾಗಲು ಗುರುಗುಟ್ಟುತ್ತಿತ್ತು. ಆಪಾ ಎದ್ದರು. ಮುಬೀನನ ಕಾರ್ಡನ್ನು ಮಡಿಕೆಯಾಗದಂತೆ ಕೈಚೀಲದಲ್ಲಿದ್ದ ಪುಸ್ತಕದೊಳಗೆ ಇಟ್ಟುಕೊಂಡರು.

"ನಂಗೆ ಇದು ಸಾಕು," ಎಂದರು. "ಮುಬೀನ್ ಕಳ್ಳ ಇರಬಹುದು. ಆದರೆ ಅವನ ಮುಂದೆ ನಾನು ಕೈ ಚಾಚಿರಲಿಲ್ಲ."

ಅವರು ಇಳಿದುಹೋಗುವ ಸದ್ದು ಹದಿನೇಳು ಮೆಟ್ಟಿಲೂ ಕೇಳಿಸಿತು. ಆಮೇಲೆ ಹಾಳೆ ಹೊರಬಂತು. ಬಿಸಿಯಾಗಿತ್ತು. ನಡುಗುವ ಕೈಯ ಹಾಳೆಗಳಲ್ಲಿ ಒಂದು. ಮೂಲೆಯಲ್ಲಿ ಹೆಸರು, ಉಳಿದದ್ದೆಲ್ಲ ಬಿಳಿ. ಕೊಡಲು ಯಾರೂ ಇರಲಿಲ್ಲ. ಅದನ್ನು ಗೋಡೆಗೆ ತೂಗುಹಾಕುವ ಹಾಗಿಲ್ಲ, ರದ್ದಿಗೆ ಹಾಕುವ ಹಾಗಂತೂ ಇಲ್ಲವೇ ಇಲ್ಲ.

ಹಿಡಿದುಕೊಂಡು ಕೆಳಗಿಳಿದೆ. ಲಯೀಕನ ಖಾಲಿ ಗೂಡಿನ ಪಕ್ಕದಲ್ಲಿ ನಲ್ಲಿ ಇದೆ, ಅದರ ಕೆಳಗೆ ಯಾರೋ ನೆಟ್ಟ ಒಂದು ಕರಿಬೇವಿನ ಗಿಡ. ತಂಬಿಗೆ ತುಂಬಿಸಿ ಹಾಳೆಯ ಮೇಲೆ ಸುರಿದೆ. ನೀರು ಸ್ವಚ್ಛವಾಗಿ ಹರಿದು ಗಿಡದ ಬುಡಕ್ಕೆ ಹೋಯಿತು. ಬೆರಳಿನಿಂದ ಉಜ್ಜಿದೆ. ಇನ್ನೊಂದು ತಂಬಿಗೆ ಸುರಿದೆ. ಹಾಳೆ ಮೆತ್ತಗಾಗಿ ಅಂಚು ಹರಿಯತೊಡಗಿತು, ಹೆಸರು ಇದ್ದ ಹಾಗೇ ಇತ್ತು.

ಎದುರಿನ ಗಾಜಿನ ಬಾಗಿಲು ತೆರೆದ ಸದ್ದಾಯಿತು.

"ಏನ್ ಮಿಯಾ ಮಾಡ್ತಿದ್ದೀಯಾ?" ಎಂದು ಲಯೀಕ್ ಕೂಗಿದ. "ಅದು ಲೇಸರ್ ಪ್ರಿಂಟು. ನೀರಿಗೆ ಹೋಗಲ್ಲ."

ಆವತ್ತು ದಾಳಿಂಬೆ ಗಿಡದ ಬುಡದಲ್ಲಿ ನಾನು ಸುರಿದದ್ದು ನಾಲ್ಕೇ ಬಿಂದಿಗೆ. ಅಷ್ಟಕ್ಕೇ ಎಲ್ಲ ಹೋಗಿತ್ತು.

ಅವನ ಕಡೆ ತಿರುಗದೆ ಮತ್ತೆ ತಂಬಿಗೆಯನ್ನು ನಲ್ಲಿಗೆ ಹಿಡಿದೆ.